ಆಪರೇಷನ್ ಆಗಿ ಐದು ವಾರದ ಮೇಲೆ ಅಮ್ಮನ ಹೊಲಿಗೆ ಜಾಗದಲ್ಲಿ ಗಂಟು: ಉಪಕರಣ ಹೇಗೆ ಶುದ್ಧ ಮಾಡುತ್ತೀರಿ ಅಂತ ನಾವು ಕೇಳಬಹುದಾ?

ಹಾಸನದ ಮಗಳು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ಹೋದ ವರ್ಷ ನಮ್ಮ ಅಮ್ಮನಿಗೆ ಪಿತ್ತಕೋಶದ ಕಲ್ಲಿಗೆ ಆಪರೇಷನ್ ಆಯಿತು. ಹೊಟ್ಟೆ ಕೊಯ್ಯದೆ ನಾಲ್ಕು ಸಣ್ಣ ತೂತು ಮಾಡಿ ಕ್ಯಾಮೆರಾ ಬಿಟ್ಟು ತೆಗೆಯುತ್ತಾರಲ್ಲ, ಅದೇ ಲ್ಯಾಪ್ರೋಸ್ಕೋಪಿ. ಮೂರನೇ ದಿನಕ್ಕೆ ಮನೆಗೆ ಬಂದರು. ಹೊಲಿಗೆ ಬಿಚ್ಚಿದ ದಿನ ಗಾಯ ಚೆನ್ನಾಗಿ ಕೂಡಿಕೊಂಡಿತ್ತು. ಅಮ್ಮ ಅವತ್ತು ಸಂಜೆಯೇ ಒಲೆ ಮುಂದೆ ನಿಂತು ರೊಟ್ಟಿ ತಟ್ಟಿದರು.

ಐದು ವಾರ ಆದ ಮೇಲೆ ಹೊಕ್ಕುಳ ಪಕ್ಕದ ತೂತಿನ ಜಾಗದಲ್ಲಿ ಕಡಲೆಕಾಳಿನಷ್ಟು ಗಂಟು ಬಂತು. ಜ್ವರ ಇಲ್ಲ, ಅಂಥ ನೋವೂ ಇಲ್ಲ. ನಿಧಾನಕ್ಕೆ ಅದು ನೇರಳೆ ಬಣ್ಣಕ್ಕೆ ತಿರುಗಿ, ಒಡೆದು, ತಿಳಿ ನೀರಿನ ಹಾಗೆ ಸೋರಲು ಶುರುವಾಯಿತು. ದಿನಾ ಬೆಳಿಗ್ಗೆ ಅಮ್ಮ ಎದ್ದಾಗ ಸೀರೆ ನೆರಿಗೆ ಹತ್ತಿರ ಒದ್ದೆ ಆಗಿರುತ್ತಿತ್ತು. ಮೂರು ಸಲ ಆಂಟಿಬಯೋಟಿಕ್ ಬದಲಾಯಿಸಿದರು, ಏನೂ ಆಗಲಿಲ್ಲ. ಒಬ್ಬ ಡಾಕ್ಟರ್ ಟಿಬಿ ಇರಬಹುದು ಅಂತ ಟಿಬಿ ಮಾತ್ರೆ ಶುರು ಮಾಡಿದರು. ಎರಡು ತಿಂಗಳು ನುಂಗಿದರು, ವಾಂತಿ ಮಾಡಿಕೊಂಡರು, ಗಾಯ ಮಾತ್ರ ಹಾಗೇ.

ಕೊನೆಗೆ ಬೆಂಗಳೂರಿನಲ್ಲಿ ಕೀವು ತೆಗೆದು, ಅದರಲ್ಲಿರುವ ಕ್ರಿಮಿಯನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಕಲ್ಚರ್‌ಗೆ ಹಾಕಿದಾಗ ಗೊತ್ತಾಗಿದ್ದು, ಇದು ಟಿಬಿ ಕ್ರಿಮಿಯ ಸಂಬಂಧಿ ಆದರೆ ಟಿಬಿ ಅಲ್ಲ. ಮೈಕೋಬ್ಯಾಕ್ಟೀರಿಯಂ ಅಬ್ಸೆಸಸ್ ಅಂತ ಹೆಸರು. ಅಲ್ಲಿನ ಡಾಕ್ಟರ್ ಹೇಳಿದ್ದು ಇಷ್ಟು: "ಇದು ನೀರಲ್ಲಿ, ಮಣ್ಣಲ್ಲಿ ಇರುವ ಕ್ರಿಮಿ ಅಮ್ಮ. ಲ್ಯಾಪ್ರೋಸ್ಕೋಪಿ ಆದವರಿಗೆ ಇದು ಬಂದರೆ ಉಪಕರಣ ಅದ್ದಿಡುವ ದ್ರಾವಣದ ಮೇಲೆ, ತೊಳೆಯುವ ನೀರಿನ ಮೇಲೆ ಮೊದಲು ಅನುಮಾನ ಪಡಬೇಕು." ಈಗ ದಿನಾ ಅಮಿಕಾಸಿನ್ ಇಂಜೆಕ್ಷನ್, ಜೊತೆಗೆ ಕ್ಲಾರಿಥ್ರೊಮೈಸಿನ್ ಮಾತ್ರೆ. ಆ ಇಂಜೆಕ್ಷನ್ನಿಂದ ಕಿವಿ ಕೇಳಿಸದೆ ಹೋಗಬಹುದು ಅಂತ ಆಗಾಗ ಕಿವಿ ಪರೀಕ್ಷೆ, ಕಿಡ್ನಿಗೆ ರಕ್ತ ಪರೀಕ್ಷೆ ಬೇರೆ.

ಆಸ್ಪತ್ರೆ ಹೆಸರು ಹಾಕುವುದಿಲ್ಲ, ಜಗಳ ಮಾಡುವ ಉದ್ದೇಶವೂ ನನಗಿಲ್ಲ. ನನಗೆ ಬೇಕಾಗಿರುವುದು ಒಂದೇ. ಒಬ್ಬ ರೋಗಿಗೆ ಬಳಸಿದ ಸಾಮಾನು ಇನ್ನೊಬ್ಬರಿಗೆ ಬಳಸುವ ಮುಂಚೆ ನಿಜಕ್ಕೂ ಏನೇನು ಆಗಬೇಕು? ನಮ್ಮಂಥವರು ಅದನ್ನು ಕೇಳಿದರೆ ಡಾಕ್ಟರ್ ತಪ್ಪು ತಿಳಿಯುತ್ತಾರಾ? ಆಪರೇಷನ್ ಮುಂಚೆ ನಾವು ರೂಮಿಗೆ ಏಸಿ ಇದೆಯಾ, ಊಟ ಕೊಡುತ್ತಾರಾ ಅಂತ ಎಲ್ಲ ಕೇಳಿದೆವು. ಇದನ್ನು ಕೇಳಬೇಕು ಅಂತಲೇ ಹೊಳೆಯಲಿಲ್ಲ.

ತುಂಗಾ ತೀರ:

ಓದಿ ಹೊಟ್ಟೆ ಉರಿಯಿತು. ನಮ್ಮ ಚಿಕ್ಕಮ್ಮನಿಗೂ ಹರ್ನಿಯಾ ಆಪರೇಷನ್ ಆದ ಮೇಲೆ ಥೇಟ್ ಹೀಗೇ ಆಗಿತ್ತು, ಆರು ತಿಂಗಳು ನರಳಿದರು. ಆಗ ಎಲ್ಲರೂ "ಅವರಿಗೆ ಶುಗರ್ ಇದೆ, ಅದಕ್ಕೇ ಮಾಯುತ್ತಿಲ್ಲ" ಅಂತಲೇ ಹೇಳಿದರು. ಗೊತ್ತಿರುವವರು ಬಿಡಿಸಿ ಹೇಳಿ, ನಾನೂ ಕಾಯುತ್ತಿದ್ದೇನೆ.

ಮಂಗಳೂರು ಸಿಎಸ್‌ಎಸ್‌ಡಿ:

ಹಾಸನದ ಅಕ್ಕ, ಖಂಡಿತ ಕೇಳಬಹುದು. ಕೇಳಲೇಬೇಕು.

ನಾನು ಹದಿನಾಲ್ಕು ವರ್ಷದಿಂದ ಇದೇ ಕೆಲಸದಲ್ಲಿ ಇದ್ದೇನೆ. ಸಿಎಸ್‌ಎಸ್‌ಡಿ ಅಂದರೆ ಇಡೀ ಆಸ್ಪತ್ರೆಯ ಸಲಕರಣೆ ಬಂದು, ತೊಳೆದು, ಪ್ಯಾಕ್ ಆಗಿ, ಆಟೋಕ್ಲೇವ್ ಆಗಿ (ಒತ್ತಡದ ಹಬೆಯಲ್ಲಿ ಕ್ರಿಮಿ ಸಾಯಿಸುವ ಮೆಷಿನ್ ಅದು) ಹೋಗುವ ವಿಭಾಗ. ಹೆಚ್ಚಿನ ಕಡೆ ಇದು ನೆಲಮಾಳಿಗೆಯಲ್ಲಿ ಇರುತ್ತದೆ. ರೋಗಿಗಳು ನಮ್ಮನ್ನು ನೋಡುವುದೇ ಇಲ್ಲ.

ಮೊದಲ ಮಾತು. ಆಟೋಕ್ಲೇವ್‌ಗಿಂತ ಮುಂಚೆ ತೊಳೆಯುವುದು. ಜನ ಮೆಷಿನ್ ಬಗ್ಗೆ ಕೇಳುತ್ತಾರೆ, ಬ್ರಷ್ ಬಗ್ಗೆ ಯಾರೂ ಕೇಳುವುದಿಲ್ಲ. ರಕ್ತ ಒಣಗಿ ಹಿಡಿದುಕೊಂಡಿದ್ದರೆ ಅದರ ಅಡಿಯಲ್ಲಿರುವ ಕ್ರಿಮಿಗೆ ಹಬೆಯೂ ತಾಗುವುದಿಲ್ಲ, ಔಷಧಿಯೂ ತಾಗುವುದಿಲ್ಲ. ನಮ್ಮ ಮೇಜಿನ ಮೇಲೆ ದೀಪ ಇರುವ ಭೂತಗನ್ನಡಿ ಇದೆ. ಮೊನ್ನೆ ಒಂದು ಆರ್ಟರಿ ಫೋರ್ಸೆಪ್ಸ್, ಅಂದರೆ ರಕ್ತನಾಳ ಹಿಡಿಯುವ ಇಕ್ಕಳ ಬಂತು. ಬರಿಗಣ್ಣಿಗೆ ಫಳಫಳ ಹೊಳೆಯುತ್ತಿತ್ತು. ಬಾಯಿ ಪೂರ್ತಿ ಅಗಲಿಸಿ ಕೀಲಿನ ಸಂದಿಯನ್ನು ಭೂತಗನ್ನಡಿ ಕೆಳಗೆ ಹಿಡಿದರೆ, ಒಳಗೆ ಸಾಸಿವೆಯ ಅರ್ಧದಷ್ಟು ಕಂದು ಕಲೆ. ಉಗುರಿನಿಂದ ಕೆರೆದರೂ ಬರಲಿಲ್ಲ. ಎಂಜೈಮ್ ದ್ರಾವಣದಲ್ಲಿ ಇನ್ನೊಮ್ಮೆ ನೆನೆಸಿ, ಸಣ್ಣ ಬ್ರಷ್ ಹಾಕಿ ಉಜ್ಜಿದ ಮೇಲೆ ಹೋಯಿತು. ಅದು ಹಾಗೇ ಪ್ಯಾಕ್ ಆಗಿ ಆಟೋಕ್ಲೇವ್‌ಗೆ ಹೋಗಿದ್ದರೆ, ಪ್ಯಾಕ್ ಮೇಲಿನ ಟೇಪಿನಲ್ಲಿ ಬಿಸಿಗೆ ಬಣ್ಣ ಬದಲಾಗುವ ಗೀಟು ಕಪ್ಪಾಗುತ್ತಿತ್ತು, ಎಲ್ಲರೂ ಸರಿ ಇದೆ ಅಂತಲೇ ತಿಳಿಯುತ್ತಿದ್ದರು.

ಆಮೇಲೆ, ಎಲ್ಲ ಸಾಮಾನಿಗೂ ಒಂದೇ ನಿಯಮ ಇಲ್ಲ. ಸ್ಪಾಲ್ಡಿಂಗ್ ಅನ್ನುವವರು 1960ರ ದಶಕದಲ್ಲಿ ಮಾಡಿಕೊಟ್ಟ ಲೆಕ್ಕವನ್ನು ನಾವು ಇವತ್ತಿಗೂ ಬಳಸುತ್ತೇವೆ. ಚರ್ಮ ದಾಟಿ ಮೈಯೊಳಗೆ ಹೋಗುವುದು, ರಕ್ತಕ್ಕೆ ತಾಗುವುದು ಪೂರ್ತಿ ಸ್ಟೆರೈಲ್ ಆಗಬೇಕು, ಗಟ್ಟಿ ಚಿಪ್ಪಿನೊಳಗೆ ಮಲಗಿರುವ ಕ್ರಿಮಿ, ಅಂದರೆ ಸ್ಪೋರ್, ಒಂದು ಕೂಡ ಉಳಿಯಬಾರದು. ಬಾಯಿ, ಗಂಟಲು, ಕರುಳಿನ ಒಳಪದರಕ್ಕೆ ತಾಗುವ ಎಂಡೋಸ್ಕೋಪ್‌ನಂಥದ್ದಕ್ಕೆ ಕಡೇಪಕ್ಷ ಬಲವಾದ ಸೋಂಕುನಾಶಕ ಬೇಕು. ಬಿಪಿ ಪಟ್ಟಿಯ ಥರ ಬರೀ ಚರ್ಮಕ್ಕೆ ತಾಗುವುದನ್ನು ಒರೆಸಿದರೆ ಸಾಕು. ನಿಮ್ಮ ಅಮ್ಮನ ಹೊಟ್ಟೆಯೊಳಗೆ ಹೋಗಿದ್ದು ಮೊದಲನೇ ಗುಂಪು. ಅದಕ್ಕೆ ಅರ್ಧ ದಾರಿ ಅನ್ನುವುದು ಇಲ್ಲ.

ಆಟೋಕ್ಲೇವ್‌ನಲ್ಲಿ 121 ಡಿಗ್ರಿ, ಚದರ ಇಂಚಿಗೆ 15 ಪೌಂಡ್ ಒತ್ತಡ, ಬಟ್ಟೆಯಲ್ಲಿ ಕಟ್ಟಿದ ಸಾಮಾನಿಗೆ 30 ನಿಮಿಷ. ಒಳಗಿನ ಗಾಳಿ ಮೊದಲು ಹೀರಿ ತೆಗೆಯುವ ದೊಡ್ಡ ಮೆಷಿನ್‌ನಲ್ಲಿ 134 ಡಿಗ್ರಿ, ನಾಲ್ಕು ನಿಮಿಷ ಸಾಕು. ಈ ನಿಮಿಷದ ಲೆಕ್ಕ ಆ ಡಿಗ್ರಿ ಮುಟ್ಟಿದ ಮೇಲೆ ಶುರುವಾಗುವುದು, ಸ್ವಿಚ್ ಹಾಕಿದಾಗ ಅಲ್ಲ. ನಡುವೆ ಕರೆಂಟ್ ಹೋದರೆ ಮೊದಲಿನಿಂದ ಇನ್ನೊಮ್ಮೆ ಮಾಡಬೇಕು, ಎಷ್ಟು ನಿಮಿಷ ಬಾಕಿ ಇತ್ತೋ ಅಷ್ಟೇ ಮಾಡಿದರೆ ಆಗುವುದಿಲ್ಲ.

ಸಣ್ಣ ಊರಿನ ಸರ್ಜನ್:

ನಾನು ತಾಲೂಕು ಮಟ್ಟದ ಖಾಸಗಿ ಆಸ್ಪತ್ರೆಯಲ್ಲಿ ಆಪರೇಷನ್ ಮಾಡುವವನು. ಎರಡು ಮಾತು ಹೇಳಬೇಕು.

ಒಂದು, ಗಾಯಕ್ಕೆ ಕೀವಾದರೆ ಅದೆಲ್ಲ ಉಪಕರಣದ್ದೇ ತಪ್ಪು ಅಂತ ತಿಳಿಯಬೇಡಿ. ಆಪರೇಷನ್ ಆಗಿ ಒಂದು ವಾರದ ಹೊತ್ತಿಗೆ ಕೆಂಪಾಗಿ, ಜ್ವರ ಬಂದು, ದಪ್ಪ ಕೀವು ಬಂದರೆ ಅದು ಬಹಳ ಸಲ ರೋಗಿಯ ಚರ್ಮದ ಮೇಲಿದ್ದ ಅಥವಾ ಕರುಳಿನ ಕ್ರಿಮಿಯದ್ದೇ ಇರುತ್ತದೆ. ಶುಗರ್ ಜಾಸ್ತಿ ಇದ್ದವರಿಗೆ ಅದು ಹೆಚ್ಚು. ಆದರೆ ಗಾಯ ಚೆನ್ನಾಗಿ ಮಾಯ್ದು, ಮೂರು ನಾಲ್ಕು ವಾರ ಕಳೆದ ಮೇಲೆ ತೂತಿನ ಜಾಗದಲ್ಲೇ ಗಂಟಾಗಿ ತಿಳಿಯಾಗಿ ಸೋರಿದರೆ, ಮಾಮೂಲಿ ಆಂಟಿಬಯೋಟಿಕ್‌ಗೆ ಬಗ್ಗದಿದ್ದರೆ, ಮೈಕೋಬ್ಯಾಕ್ಟೀರಿಯಾ ಇರಬಹುದು ಅಂತ ಯೋಚಿಸಲೇಬೇಕು. ಮಾಮೂಲಿ ಕಲ್ಚರ್‌ನಲ್ಲಿ ಅದು ಸಿಗದೆ ಹೋಗಬಹುದು. ಮೈಕೋಬ್ಯಾಕ್ಟೀರಿಯಾ ಕಲ್ಚರ್ ಅಂತ ಬರೆದೇ ಕಳಿಸಬೇಕು. ಟಿಬಿ ಅಂತ ಅಂದಾಜಿನ ಮೇಲೆ ಮಾತ್ರೆ ಶುರು ಮಾಡುವುದು ತಪ್ಪು, ಇದಕ್ಕೆ ಆ ಮಾತ್ರೆ ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ.

ಎರಡನೆಯದು ನನಗೆ ಬರೆಯಲು ಕಷ್ಟ. ಲ್ಯಾಪ್ರೋಸ್ಕೋಪಿ ಸೆಟ್ ದುಬಾರಿ. ಹಳೆಯ ಸೆಟ್‌ನ ಎಷ್ಟೋ ಭಾಗಗಳು ಆಟೋಕ್ಲೇವ್ ಬಿಸಿ ತಡೆಯುತ್ತಿರಲಿಲ್ಲ. ಒಂದೇ ಸೆಟ್, ದಿನಕ್ಕೆ ನಾಲ್ಕು ಕೇಸು ಇದ್ದರೆ ನಡುವೆ ಸೋಂಕುನಾಶಕ ದ್ರಾವಣವಾದ ಗ್ಲುಟರಾಲ್ಡಿಹೈಡ್‌ನಲ್ಲಿ 20 ನಿಮಿಷ ಅದ್ದಿ ತೆಗೆದು ಮುಂದಿನವರಿಗೆ ಬಳಸುವುದು ಎಷ್ಟೋ ಕಡೆ ನಡೆದು ಬಂದ ಪದ್ಧತಿ. ನಾನೂ ಹಾಗೇ ಮಾಡಿದ್ದೇನೆ. ಸಂಜೆ ಫಾರ್ಮಲಿನ್ ಮಾತ್ರೆ ಹಾಕಿದ ಪೆಟ್ಟಿಗೆಯಲ್ಲಿ ಇಟ್ಟರೆ ಸಾಕು ಅಂತ ನಮಗೆ ಹಿರಿಯರು ಹೇಳಿಕೊಟ್ಟಿದ್ದರು. ಅದು ಸಾಲದು ಅಂತ ಈಗ ಗೊತ್ತು.

ಮಂಗಳೂರು ಸಿಎಸ್‌ಎಸ್‌ಡಿ:

ಡಾಕ್ಟ್ರೇ, ಇದನ್ನು ಇಷ್ಟು ನೇರವಾಗಿ ಬರೆದಿದ್ದಕ್ಕೆ ಧನ್ಯವಾದ.

ಆ ದ್ರಾವಣದ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. 2 ಪರ್ಸೆಂಟ್ ಗ್ಲುಟರಾಲ್ಡಿಹೈಡ್‌ನಲ್ಲಿ 20 ನಿಮಿಷ ಅದ್ದಿದರೆ ಮಾಮೂಲಿ ಬ್ಯಾಕ್ಟೀರಿಯಾ, ವೈರಸ್ ಸಾಯುತ್ತವೆ. ಸ್ಪೋರ್ ಸಾಯಬೇಕಾದರೆ 10 ಗಂಟೆ ಬೇಕು. ಎರಡು ಕೇಸಿನ ನಡುವೆ 10 ಗಂಟೆ ಯಾರ ಹತ್ತಿರ ಇರುತ್ತದೆ? ಮತ್ತೆ, ಪುಡಿ ಬೆರೆಸಿದ ದಿನದಿಂದ ಅದಕ್ಕೆ ಆಯುಸ್ಸು ಸಾಮಾನ್ಯವಾಗಿ 14 ದಿನ. ದಿನಾ ಒದ್ದೆ ಸಾಮಾನು ಹಾಕಿ ಹಾಕಿ ಅದು ತೆಳುವಾಗುತ್ತದೆ. ಬಣ್ಣ ಹಸಿರಾಗಿಯೇ ಇರುತ್ತದೆ, ಶಕ್ತಿ ಇರುವುದಿಲ್ಲ. ಪಟ್ಟಿ ಅದ್ದಿ ಪರೀಕ್ಷೆ ಮಾಡಬೇಕು. ಬೇಸಿನ್ ಮೇಲೆ ತಾರೀಕು ಬರೆದ ಚೀಟಿ ಇಲ್ಲದಿದ್ದರೆ ಆ ದ್ರಾವಣವನ್ನು ನಾನು ನಂಬುವುದಿಲ್ಲ.

ಇನ್ನೊಂದು, ಅದ್ದಿ ತೆಗೆದ ಮೇಲೆ ಆ ಔಷಧಿ ತೊಳೆದು ಹೋಗಲಿ ಅಂತ ನಲ್ಲಿ ನೀರಲ್ಲಿ ಜಾಲಾಡಿಸಿದರೆ ಮಾಡಿದ್ದೆಲ್ಲ ಹಾಳು. ಈ ಮೈಕೋಬ್ಯಾಕ್ಟೀರಿಯಾ ಮನೆ ಮಾಡಿಕೊಂಡಿರುವುದೇ ಟ್ಯಾಂಕಿಯಲ್ಲಿ, ಪೈಪಿನಲ್ಲಿ. ಸ್ಟೆರೈಲ್ ನೀರೇ ಬೇಕು. ಬ್ರೆಜಿಲ್‌ನಲ್ಲಿ 2004ರಿಂದ 2008ರ ತನಕ ಇದೇ ಜಾತಿಯ ಕ್ರಿಮಿ ಲ್ಯಾಪ್ರೋಸ್ಕೋಪಿ ಆದ ಸಾವಿರಾರು ಜನರಿಗೆ ಹಬ್ಬಿತು. ಹುಡುಕಿದಾಗ ಆ ತಳಿ ಗ್ಲುಟರಾಲ್ಡಿಹೈಡ್ ಅನ್ನೇ ತಡೆದುಕೊಳ್ಳುವಷ್ಟು ಗಟ್ಟಿ ಅಂತ ಗೊತ್ತಾಯಿತು. 2009ರಲ್ಲಿ ಅಲ್ಲಿ ಇಂಥ ಉಪಕರಣಗಳನ್ನು ದ್ರಾವಣದಲ್ಲಿ ಅದ್ದಿ ಸ್ಟೆರೈಲ್ ಮಾಡುವುದನ್ನೇ ನಿಷೇಧಿಸಿದರು.

ಈಗಿನ ಸೆಟ್‌ಗಳನ್ನು ಬಿಚ್ಚಬಹುದು, 134 ಡಿಗ್ರಿ ತಡೆಯುತ್ತವೆ. ಬಿಸಿ ತಡೆಯದ್ದಕ್ಕೆ ಕ್ರಿಮಿ ಕೊಲ್ಲುವ ಇಟಿಓ (ಎಥಿಲೀನ್ ಆಕ್ಸೈಡ್) ಗ್ಯಾಸ್ ಇದೆ, ಪ್ಲಾಸ್ಮಾ ಮೆಷಿನ್ ಇದೆ.

ಸಿದ್ದಾಪುರದ ಅಕ್ಕೋರು:

ನಾನು ನಿವೃತ್ತ ಎಎನ್‌ಎಂ. ಅಂದರೆ ಹಳ್ಳಿಗಳಲ್ಲಿ ಲಸಿಕೆ, ಹೆರಿಗೆ ನೋಡಿಕೊಳ್ಳುವ ನರ್ಸ್. ಉತ್ತರ ಕನ್ನಡದ ಘಟ್ಟದ ಮೇಲೆ ಮೂವತ್ತು ವರ್ಷ ಸೇವೆ ಮಾಡಿದ್ದೇನೆ. ಮೊಮ್ಮಗಳು ಕನ್ನಡ ಕೀಬೋರ್ಡ್ ಹಾಕಿಕೊಟ್ಟಿದ್ದಾಳೆ, ತಪ್ಪಿದ್ದರೆ ತಿದ್ದಿಕೊಂಡು ಓದಿ.

ನಾವು ಕೆಲಸಕ್ಕೆ ಸೇರಿದಾಗ ಗಾಜಿನ ಸಿರಿಂಜು. ಮಕ್ಕಳ ಲಸಿಕೆಗೆ ಅಂತ ಸರ್ಕಾರದಿಂದ ಕುಕ್ಕರ್ ಥರದ್ದು ಕೊಟ್ಟಿದ್ದರು, ಒಳಗೆ ಸಿರಿಂಜು ಸೂಜಿ ಜೋಡಿಸುವ ತಟ್ಟೆ ಇರುತ್ತಿತ್ತು. ಸೀಮೆಎಣ್ಣೆ ಸ್ಟೌ ಮೇಲೆ ಇಟ್ಟು, ಹಬೆ ಜೋರಾಗಿ ಬಂದ ಮೇಲೆ ಗಡಿಯಾರ ನೋಡಿ 20 ನಿಮಿಷ. ಮರುದಿನ ಲಸಿಕೆ ಅಂದರೆ ಹಿಂದಿನ ರಾತ್ರಿ ಮನೆಯಲ್ಲೇ ಇದನ್ನು ಮಾಡುತ್ತಿದ್ದೆ. ಒಂದು ಮಗುವಿಗೆ ಒಂದು ಸೂಜಿ, ಒಂದು ಸಿರಿಂಜು. ಐವತ್ತು ಮಕ್ಕಳು ಬರುತ್ತಾರೆ ಅಂದರೆ ಐವತ್ತು ಬೇಕು. ನಲವತ್ತಕ್ಕೆ ಮುಗಿದರೆ ಉಳಿದ ತಾಯಂದಿರನ್ನು ವಾಪಸ್ ಕಳಿಸುತ್ತಿದ್ದೆ. ಎರಡು ಗಂಟೆ ಗದ್ದೆ ಬದುವಿನ ಮೇಲೆ ನಡೆದು ಬಂದವರು, ಬೈಯುತ್ತಿದ್ದರು. "ಅಕ್ಕೋರೇ, ಸೂಜಿ ಬದಲಾಯಿಸಿ ಅದೇ ಸಿರಿಂಜಲ್ಲಿ ಹಾಕಿಬಿಡಿ" ಅನ್ನುತ್ತಿದ್ದರು. ಸೂಜಿ ಬದಲಾಯಿಸಿದರೆ ಸಾಲದು, ರಕ್ತ ಸಿರಿಂಜಿನೊಳಗೂ ಬಂದಿರುತ್ತದೆ ಅಂತ ಹೇಳಿ ಹೇಳಿ ಸಾಕಾಗುತ್ತಿತ್ತು. ಒಮ್ಮೆ ಒತ್ತಿದರೆ ಮತ್ತೆ ಎಳೆಯಲು ಬಾರದ ಸಿರಿಂಜು ಬಂದ ಮೇಲೆ ಆ ಕಷ್ಟ ತಪ್ಪಿತು.

ಸಂತಾನಹರಣ ಕ್ಯಾಂಪಿನ ದಿನಗಳನ್ನೂ ನೋಡಿದ್ದೇನೆ. ಆಗಿನ ಪದ್ಧತಿಯಲ್ಲಿ ಒಂದು ಸ್ಕೋಪನ್ನು (ಹೊಟ್ಟೆಯೊಳಗೆ ಬಿಡುವ ಕೊಳವೆ) 20 ನಿಮಿಷ ದ್ರಾವಣದಲ್ಲಿ ಇಡಬೇಕು, ಸ್ಟೆರೈಲ್ ನೀರಲ್ಲಿ ತೊಳೆಯಬೇಕು, ಆಮೇಲೆ ಆಪರೇಷನ್. ಲೆಕ್ಕ ಹಾಕಿ, ಒಂದು ಸ್ಕೋಪ್‌ನಿಂದ ಗಂಟೆಗೆ ಎರಡು ಆಗಬಹುದು. ಸರ್ಕಾರದ ನಿಯಮವೇ ಇದೆ, ಒಂದು ತಂಡಕ್ಕೆ ಮೂರು ಲ್ಯಾಪ್ರೋಸ್ಕೋಪ್ ಇದ್ದರೂ ದಿನಕ್ಕೆ 30ಕ್ಕಿಂತ ಹೆಚ್ಚು ಮಾಡಬಾರದು. 2014ರ ನವೆಂಬರ್‌ನಲ್ಲಿ ಛತ್ತೀಸಗಢದ ಬಿಲಾಸಪುರ ಹತ್ತಿರ ಒಂದೇ ಕ್ಯಾಂಪಿನಲ್ಲಿ ಕೆಲವೇ ಗಂಟೆಗಳಲ್ಲಿ 83 ಹೆಂಗಸರಿಗೆ ಆಪರೇಷನ್ ಮಾಡಿದರು. ಹತ್ತಕ್ಕೂ ಹೆಚ್ಚು ಜನ ಸತ್ತರು. ಕೊಟ್ಟ ಮಾತ್ರೆಯಲ್ಲಿ ವಿಷ ಇತ್ತೋ, ಸೋಂಕಾಯಿತೋ ಅಂತ ವಾದ ನಡೆಯಿತು. ಯಾವುದೇ ಇರಲಿ, ಆ 83 ಅನ್ನುವ ಸಂಖ್ಯೆ ಕೇಳಿದ ಕೂಡಲೇ ನನಗೆ ಎದೆ ಝಲ್ ಅಂದಿತ್ತು. ಆ ವೇಗದಲ್ಲಿ 20 ನಿಮಿಷ ಎಲ್ಲಿಂದ ಬರಬೇಕು? 2016ರಲ್ಲಿ ಸುಪ್ರೀಂ ಕೋರ್ಟ್ ಇಂಥ ಕ್ಯಾಂಪುಗಳನ್ನು ಮೂರು ವರ್ಷದೊಳಗೆ ನಿಲ್ಲಿಸಿ ಅಂತ ಹೇಳಿತು.

ಮಗಳೇ, ಅಮ್ಮನಿಗೆ ಧೈರ್ಯ ಹೇಳು. ಇಂಜೆಕ್ಷನ್ ನಡುವೆ ಬಿಡಬೇಡಿ. ಕಿವಿಯಲ್ಲಿ ಗುಂಯ್ ಅಂದರೆ ಅವತ್ತೇ ಡಾಕ್ಟರಿಗೆ ತಿಳಿಸಿ.

ಕೊಡಗಿನ ಕಾಫಿ:

ಒಂದು ಅನುಮಾನ. ನಮ್ಮೂರಲ್ಲಿ ಹಳೇ ಡಾಕ್ಟರೊಬ್ಬರು ಸ್ಟೀಲ್ ಪೆಟ್ಟಿಗೆಯಲ್ಲಿ ನೀರು ಹಾಕಿ ಕತ್ತರಿ, ಇಕ್ಕಳ ಎಲ್ಲ ಕುದಿಸಿ ಬಳಸುತ್ತಿದ್ದರು. ಅಷ್ಟು ಕುದಿಸಿದರೂ ಸಾಲದಾ? ಕುದಿಯುವ ನೀರಲ್ಲಿ ಯಾವ ಕ್ರಿಮಿ ಬದುಕುತ್ತದೆ?

ಉಪಕರಣ ರಿಪೇರಿ ಧಾರವಾಡ:

ನಾನು ಆಟೋಕ್ಲೇವ್ ರಿಪೇರಿ ಮಾಡುವವನು, ಇದಕ್ಕೆ ಉತ್ತರ ಹೇಳುತ್ತೇನೆ.

ಕುದಿಸಿದರೆ ಬಹಳಷ್ಟು ಸಾಯುತ್ತವೆ. ಆದರೆ ಧನುರ್ವಾಯು ತರುವಂಥ ಕೆಲವು ಬ್ಯಾಕ್ಟೀರಿಯಾ ಕಷ್ಟಕಾಲದಲ್ಲಿ ಗಟ್ಟಿ ಚಿಪ್ಪು ಕಟ್ಟಿಕೊಂಡು ಒಳಗೆ ಮಲಗಿಬಿಡುತ್ತವೆ. ಅದೇ ಸ್ಪೋರ್. ಅದನ್ನು 100 ಡಿಗ್ರಿಯಲ್ಲಿ ಖಾತ್ರಿಯಾಗಿ ಕೊಲ್ಲಲು ಆಗುವುದಿಲ್ಲ. ಅದೂ ನಿಮ್ಮಲ್ಲಿ ನೀರು 100ಕ್ಕೆ ಕುದಿಯುವುದೂ ಇಲ್ಲ. ಸಮುದ್ರಮಟ್ಟದಿಂದ ಮೇಲೆ ಹೋದ ಹಾಗೆ ಸುಮಾರು 300 ಮೀಟರಿಗೆ ಒಂದು ಡಿಗ್ರಿ ಕಡಿಮೆ. ಬೆಂಗಳೂರಲ್ಲಿ 97ರ ಹತ್ತಿರ, ಮಡಿಕೇರಿಯಲ್ಲಿ 96. ಎಷ್ಟು ಹೊತ್ತು ಕುದಿಸಿದರೂ ತೆರೆದ ಪಾತ್ರೆಯಲ್ಲಿ ಅದರ ಮೇಲೆ ಏರುವುದಿಲ್ಲ. ಒತ್ತಡ ಕಟ್ಟಿದರೆ ಮಾತ್ರ 121 ಮುಟ್ಟುತ್ತದೆ. ಆಟೋಕ್ಲೇವ್ ಮಾಡುವುದು ಅದನ್ನೇ. 1879ರಲ್ಲಿ ಪ್ಯಾರಿಸ್‌ನಲ್ಲಿ ಪಾಶ್ಚರ್ ಜೊತೆ ಕೆಲಸ ಮಾಡುತ್ತಿದ್ದ ಶಾಂಬರ್ಲಾಂಡ್ ಕಟ್ಟಿದ ಮೆಷಿನ್, ತತ್ವ ಇವತ್ತಿಗೂ ಅದೇ.

ಮೆಷಿನ್ ಇದ್ದರೆ ಸಾಕು ಅಂತಲೂ ಅಂದುಕೊಳ್ಳಬೇಡಿ. ನಾನು ಹೋಗುವ ಕಡೆಗಳಲ್ಲಿ ಸಾಮಾನ್ಯವಾಗಿ ಕಾಣುವುದು ಮೂರು. ಬಾಗಿಲಿನ ರಬ್ಬರ್ ಗ್ಯಾಸ್ಕೆಟ್ ಒಡೆದು ಹಬೆ ಸೋರುತ್ತಿರುತ್ತದೆ. ಬೋರ್‌ವೆಲ್ ನೀರು ಹಾಕಿ ಹಾಕಿ ಕಾಯಿಲ್ ಮೇಲೆ ಬಿಳಿ ಸುಣ್ಣ ಬೆರಳು ದಪ್ಪ ಕಟ್ಟಿರುತ್ತದೆ. ಮತ್ತೆ ಒಳಗಿನ ಗಾಳಿಯನ್ನು ಹೊರಗೆ ಬಿಡದೆ ವಾಲ್ವ್ ಮುಚ್ಚಿಬಿಟ್ಟಿರುತ್ತಾರೆ. ಗಾಳಿ ಉಳಿದರೆ ಮೀಟರ್ 15 ಪೌಂಡ್ ತೋರಿಸುತ್ತದೆ, ಒಳಗೆ 121 ಆಗಿರುವುದಿಲ್ಲ. ಮುಳ್ಳು ಸುಳ್ಳು ಹೇಳುವುದು ಅಲ್ಲಿಯೇ.

ಓಟಿ ಸಿಸ್ಟರ್:

ಈ ಸುಳ್ಳು ಮುಳ್ಳಿನ ಮಾತು ಓದಿ ನನ್ನ ಒಂದು ದಿನ ನೆನಪಾಯಿತು, ಹೇಳಲೇಬೇಕು.

ಡ್ರೆಸ್ಸಿಂಗ್ ಡ್ರಮ್ ಅಂತ ಬರುತ್ತದೆ, ದುಂಡಗಿನ ಸ್ಟೀಲ್ ಡಬ್ಬಿ. ಪಕ್ಕದಲ್ಲಿ ಸಾಲಾಗಿ ತೂತು, ಅದರ ಮೇಲೆ ಸರಿಸುವ ಪಟ್ಟಿ. ಆಟೋಕ್ಲೇವ್‌ಗೆ ಇಡುವಾಗ ತೂತು ತೆರೆದಿರಬೇಕು, ಹಬೆ ಒಳಗೆ ಹೋಗಬೇಕಲ್ಲ. ಹೊರಗೆ ತೆಗೆದ ಕೂಡಲೇ ಪಟ್ಟಿ ಸರಿಸಿ ಮುಚ್ಚಬೇಕು. ಅವತ್ತು ಬೆಳಿಗ್ಗೆ ಮೊದಲ ಕೇಸು, ಸಿಸೇರಿಯನ್. ಡ್ರಮ್ ಮೇಲಿನ ಟೇಪಿನ ಗೀಟುಗಳು ಕಪ್ಪಗೆ ಚೆನ್ನಾಗಿ ಬಂದಿದ್ದವು. ಮುಚ್ಚಳ ತೆಗೆದು ಬಟ್ಟೆಗಳ ನಡುವೆ ಇಟ್ಟಿದ್ದ, ಹಬೆ ತಾಗಿದರೆ ಬಣ್ಣ ಬದಲಾಗುವ ಪರೀಕ್ಷೆ ಪಟ್ಟಿ ನೋಡಿದೆ. ಹಾಕಿದಾಗ ಹೇಗಿತ್ತೋ ಹಾಗೇ ಬಿಳಿ. ಹಿಂದಿನ ರಾತ್ರಿ ಯಾರೋ ತೂತು ಮುಚ್ಚಿದ ಹಾಗೇ ಆಟೋಕ್ಲೇವ್‌ಗೆ ಇಟ್ಟಿದ್ದರು. ಹೊರಗೆಲ್ಲ ಸುಟ್ಟಿದೆ, ಒಳಗೆ ಹಬೆ ಹೊಕ್ಕಿಲ್ಲ.

ನಾನು ಆಗ ಸೇರಿ ಎರಡು ವರ್ಷವೂ ಆಗಿರಲಿಲ್ಲ. ಟೇಬಲ್ ಮೇಲೆ ತಾಯಿ ಮಲಗಿದ್ದಾರೆ, ಡಾಕ್ಟರ್ ಕೈ ತೊಳೆಯುತ್ತಿದ್ದಾರೆ. ಬಾಯಿ ಒಣಗಿತ್ತು. "ಸರ್, ಈ ಡ್ರಮ್ ಬೇಡ, ಬೇರೆ ತರಿಸಬೇಕು" ಅಂದೆ. ಹೆರಿಗೆ ವಾರ್ಡಿನಿಂದ ಬೇರೆ ಡ್ರಮ್ ಬರಲು ಹನ್ನೆರಡು ನಿಮಿಷ ಹಿಡಿಯಿತು. ಡಾಕ್ಟರ್ ಒಂದು ಮಾತೂ ಆಡದೆ ಕಾದರು. ಆ ತಾಯಿಗೆ ಈ ವಿಷಯ ಇವತ್ತಿಗೂ ಗೊತ್ತಿಲ್ಲ.

ಅದಕ್ಕೇ ಹೇಳುತ್ತೇನೆ, ಹೊರಗಿನ ಟೇಪು ಹೇಳುವುದು ಇದು ಮೆಷಿನ್‌ಗೆ ಹೋಗಿ ಬಂದಿದೆ ಅಂತ ಮಾತ್ರ. ಸ್ಟೆರೈಲ್ ಆಗಿದೆ ಅಂತ ಅಲ್ಲ. ಪ್ರತಿ ಪ್ಯಾಕಿನ ಒಳಗೂ ಪಟ್ಟಿ ಬೇಕು. ಹಾಗೆಯೇ, ಪ್ಯಾಕ್ ಒದ್ದೆ ಇದ್ದರೆ ಅದನ್ನು ಬಳಸಬಾರದು, ಒದ್ದೆ ಬಟ್ಟೆ ಹೊರಗಿನ ಕ್ರಿಮಿಯನ್ನು ಒಳಗೆ ಎಳೆದುಕೊಳ್ಳುತ್ತದೆ.

ಮಂಗಳೂರು ಸಿಎಸ್‌ಎಸ್‌ಡಿ:

ಸಿಸ್ಟರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಪಟ್ಟಿಗಿಂತ ಗಟ್ಟಿ ಸಾಕ್ಷಿ ಎಂದರೆ ಸ್ಪೋರ್ ಪರೀಕ್ಷೆ. ಜಿಯೋಬ್ಯಾಸಿಲಸ್ ಸ್ಟೀರೋಥರ್ಮೋಫಿಲಸ್ ಅನ್ನುವ, ಹಬೆಗೆ ಬಹಳ ಗಟ್ಟಿಯಾದ ಸ್ಪೋರ್ ಇರುವ ಪುಟ್ಟ ಸೀಸೆಯನ್ನು ಸಾಮಾನಿನ ಜೊತೆ ಒಳಗೆ ಇಡುತ್ತೇವೆ. ಆಮೇಲೆ ಬೆಚ್ಚಗಿನ ಪೆಟ್ಟಿಗೆಯಲ್ಲಿ ಒಂದೆರಡು ದಿನ ಇಟ್ಟು ನೋಡುವುದು. ನೇರಳೆ ಬಣ್ಣ ಹಾಗೇ ಉಳಿದರೆ ಸತ್ತಿವೆ. ಹಳದಿ ಆದರೆ ಬದುಕಿವೆ, ಹಿಂದಿನ ಸಲ ಪರೀಕ್ಷೆ ಸರಿ ಬಂದ ಮೇಲಿನ ಸಾಮಾನೆಲ್ಲ ವಾಪಸ್ ಕರೆಸಬೇಕು. ವಾರಕ್ಕೆ ಒಮ್ಮೆಯಾದರೂ ಇದು ಆಗಬೇಕು.

ದಾವಣಗೆರೆ ಹಲ್ಲಿನ ಡಾಕ್ಟರ್:

ಹಲ್ಲಿನ ಕ್ಲಿನಿಕ್ ಬಗ್ಗೆ ಯಾರೂ ಬರೆದಿಲ್ಲ, ನಾನು ಬರೆಯುತ್ತೇನೆ. ದೊಡ್ಡ ಆಸ್ಪತ್ರೆಯಲ್ಲಿ ಇದಕ್ಕೇ ಒಂದು ವಿಭಾಗ ಇರುತ್ತದೆ, ನಮ್ಮಲ್ಲಿ ಡಾಕ್ಟರ್ ಮತ್ತೆ ಒಬ್ಬ ಸಹಾಯಕಿ ಅಷ್ಟೇ.

2023ರಲ್ಲಿ ಪಕ್ಕದ ತಮಿಳುನಾಡಿನ ವಾಣಿಯಂಬಾಡಿಯಲ್ಲಿ ನಡೆದದ್ದು ನಮ್ಮ ಕಸುಬಿನವರೆಲ್ಲ ನೆನಪಿಡಬೇಕಾದದ್ದು. ಒಂದೇ ಹಲ್ಲಿನ ಕ್ಲಿನಿಕ್ಕಿಗೆ ಹೋಗಿ ಬಂದವರಿಗೆ ಮೆದುಳಿಗೆ ಮೆಲಿಯಾಯ್ಡೋಸಿಸ್ ಅನ್ನುವ ಬ್ಯಾಕ್ಟೀರಿಯಾ ಸೋಂಕು ಹತ್ತಿತು, ಎಂಟು ಜನ ತೀರಿಕೊಂಡರು. ವೆಲ್ಲೂರಿನ ಸಿಎಂಸಿ ಆಸ್ಪತ್ರೆಯವರು ಸೇರಿ ಹುಡುಕಿದಾಗ ಜಾಡು ಹೋಗಿ ನಿಂತದ್ದು ಸಲೈನ್ ಬಾಟಲಿಯ ಹತ್ತಿರ. ಬಾಯಿಯಲ್ಲಿ ಬಳಸುವ ಉಪಕರಣದಿಂದಲೇ ಬಾಟಲಿ ತೆರೆಯುವುದು, ಅರ್ಧ ಮುಚ್ಚಿಟ್ಟು ಅದೇ ಬಾಟಲಿಯನ್ನು ಮುಂದಿನವರಿಗೂ ಬಳಸುವುದು. ಮಣ್ಣು, ನೀರಲ್ಲಿ ಇರುವ ಈ ಬ್ಯಾಕ್ಟೀರಿಯಾ ನಮ್ಮ ಉಡುಪಿ, ಮಂಗಳೂರು ಕಡೆಯೂ ಮಳೆಗಾಲದಲ್ಲಿ ಕಾಣಿಸುತ್ತದೆ, ದೂರದ್ದೇನೂ ಅಲ್ಲ.

ನೀವು ನೋಡಬೇಕಾದದ್ದು ಮುಖ್ಯವಾಗಿ ಹ್ಯಾಂಡ್‌ಪೀಸ್, ಅಂದರೆ ಗುಂಯ್ ಅಂತ ತಿರುಗುವ ಡ್ರಿಲ್ ಹಿಡಿ. ಅದು ನಿಲ್ಲುವಾಗ ಬಾಯಿಯ ನೀರು, ರಕ್ತ ಸ್ವಲ್ಪ ಒಳಗೆ ಹೀರಿಕೊಳ್ಳುತ್ತದೆ. ಹೊರಗೆ ಸ್ಪಿರಿಟ್‌ನಲ್ಲಿ ಒರೆಸಿದರೆ ಒಳಗಿನದು ಹೋಗುವುದಿಲ್ಲ. ಪ್ರತಿ ರೋಗಿಗೂ ಅದನ್ನು ಬಿಚ್ಚಿ ಆಟೋಕ್ಲೇವ್ ಮಾಡಬೇಕು. ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದಲ್ಲಿ ಕಡೇಪಕ್ಷ ಏಳು ದಿನ ಜೀವಂತ ಇರುತ್ತದೆ, ಸೋಮವಾರದ ರೋಗಿಯದ್ದು ಶನಿವಾರ ಬಂದವರಿಗೆ ಹತ್ತಬಹುದು. ನೀಲಿ ದೀಪದ ಯುವಿ ಪೆಟ್ಟಿಗೆ ನೋಡಿ ಮರುಳಾಗಬೇಡಿ. ಸ್ಟೆರೈಲ್ ಆದ ಸಾಮಾನು ಇಟ್ಟುಕೊಳ್ಳಲು ಅದು ಸರಿ, ಸ್ಟೆರೈಲ್ ಮಾಡಲು ಆಗದು.

ಕೇಳಿದರೆ ಬೇಜಾರಾಗುತ್ತದಾ ಅಂತ ಕೇಳಿದ್ದೀರಿ. ನನಗೆ ಆಗುವುದಿಲ್ಲ. "ಡಾಕ್ಟ್ರೇ, ಪ್ಯಾಕೆಟ್ ನಮ್ಮೆದುರಿಗೇ ಒಡೆಯುತ್ತೀರಾ?" ಅಂತ ಕೇಳಿ, ಅಷ್ಟೇ ಸಾಕು. ಒಂದು ಕಡೆ ಕಾಗದ, ಒಂದು ಕಡೆ ಪ್ಲಾಸ್ಟಿಕ್ ಇರುವ ಪೌಚ್ ಇರುತ್ತದೆ. ಅದರ ಮೇಲೆ ಬಣ್ಣ ಬದಲಾಗುವ ಗುರುತು, ತಾರೀಕು ಇರುತ್ತದೆ.

ಲೀಡ್ಸ್ ಕನ್ನಡತಿ:

ನಾನು ಇಂಗ್ಲೆಂಡಿನಲ್ಲಿ ಥಿಯೇಟರ್ ನರ್ಸ್, ಊರು ಗದಗ. ಇಲ್ಲಿ ಪ್ರತಿ ಟ್ರೇಗೂ ಒಂದು ಬಾರ್‌ಕೋಡ್ ಇದೆ. ಯಾವ ಮೆಷಿನ್‌ನಲ್ಲಿ, ಯಾವ ಸುತ್ತಿನಲ್ಲಿ ಸ್ಟೆರೈಲ್ ಆಯಿತು ಅನ್ನುವ ಚೀಟಿ ರೋಗಿಯ ಫೈಲಿಗೇ ಅಂಟುತ್ತದೆ. ನಾಳೆ ಒಬ್ಬರಿಗೆ ಸೋಂಕು ಬಂದರೆ ಆ ಟ್ರೇ ಮುಂಚೆ ಯಾರಿಗೆ ಬಳಸಿದ್ದು, ಆಮೇಲೆ ಯಾರಿಗೆ ಬಳಸಿದ್ದು ಅಂತ ಹುಡುಕಬಹುದು. ಹಾಸನದ ಅಕ್ಕನ ಅಮ್ಮನ ಜೊತೆ ಅದೇ ವಾರ ಆಪರೇಷನ್ ಆದವರು ಇನ್ನೂ ಎಷ್ಟು ಜನ ಹೀಗೆ ಸೋರುವ ಗಾಯ ಇಟ್ಟುಕೊಂಡು ಓಡಾಡುತ್ತಿದ್ದಾರೋ, ಓದುವಾಗ ನನಗೆ ಅದೇ ಯೋಚನೆ. ಬಾರ್‌ಕೋಡ್ ಬೇಡ, ಒಂದು ರಿಜಿಸ್ಟರ್ ಇದ್ದರೂ ಸಾಕು. ಅಕ್ಕ, ಆಸ್ಪತ್ರೆಗೆ ಕಲ್ಚರ್ ರಿಪೋರ್ಟ್ ಪ್ರತಿ ಕಳಿಸಿದ್ದೀರಾ?

ಹಾಸನದ ಮಗಳು:

ಕಳಿಸಿರಲಿಲ್ಲ. ನಿಮ್ಮ ಮಾತು ಓದಿದ ಮೇಲೆ ಕಳಿಸಿದೆ. ಬೈಗುಳ ಏನೂ ಬರೆಯಲಿಲ್ಲ. ಅಮ್ಮನ ಆಪರೇಷನ್ ತಾರೀಕು, ಗಂಟು ಕಂಡ ತಾರೀಕು, ಕಲ್ಚರ್ ರಿಪೋರ್ಟ್, ಮತ್ತೆ "ಅದೇ ವಾರ ಆಪರೇಷನ್ ಆದವರನ್ನು ದಯವಿಟ್ಟು ಕರೆದು ನೋಡಿ" ಅಂತ ಒಂದು ಸಾಲು.

ಸಣ್ಣ ಊರಿನ ಸರ್ಜನ್:

ಒಳ್ಳೆಯ ಕೆಲಸ ಮಾಡಿದಿರಿ. ಇಂಥ ಕಾಗದ ನನ್ನ ಮೇಜಿಗೂ ಒಮ್ಮೆ ಬಂದಿತ್ತು. ಅವತ್ತು ರಾತ್ರಿ ನಿದ್ದೆ ಮಾಡಲಿಲ್ಲ. ಮರುದಿನದಿಂದ ಎರಡನೇ ಸೆಟ್ ಬರುವ ತನಕ ದಿನಕ್ಕೆ ಎರಡೇ ಲ್ಯಾಪ್ರೋಸ್ಕೋಪಿ ಅಂತ ನಿಲ್ಲಿಸಿದೆ, ಬೆಳಿಗ್ಗೆ ಒಂದು, ಸಂಜೆ ಒಂದು, ನಡುವೆ ಆಟೋಕ್ಲೇವ್. ಆ ರೋಗಿ ಈಗಲೂ ನನ್ನ ಹತ್ತಿರವೇ ಬರುತ್ತಾರೆ.

ಹಾಸನದ ಮಗಳು:

ಎಲ್ಲರಿಗೂ ಒಂದು ಸುದ್ದಿ ಹೇಳಲು ಬಂದೆ, ಮೂರು ವಾರ ಆಯಿತು ಇಲ್ಲಿ ಬರೆದು.

ಆಸ್ಪತ್ರೆಯಿಂದ ಫೋನ್ ಬಂತು. ಇನ್ನೂ ಇಬ್ಬರಿಗೆ ಹೀಗೇ ಆಗಿದೆಯಂತೆ, ಅವರ ಕೀವನ್ನೂ ಕಲ್ಚರ್‌ಗೆ ಕಳಿಸಿದ್ದಾರೆ. ಅದ್ದಿಡುವುದನ್ನು ನಿಲ್ಲಿಸಿದ್ದೇವೆ ಅಂತ ಹೇಳಿದರು. ಹೇಳಿದ ದನಿಯಲ್ಲಿ ಸಿಟ್ಟಿರಲಿಲ್ಲ.

ಮೊನ್ನೆ ಅಪ್ಪನ ಹಲ್ಲು ಕೀಳಿಸಲು ಹೋಗಿದ್ದೆವು. ಡಾಕ್ಟರ ಹತ್ತಿರ ಕೇಳುವಾಗ ನನಗೆ ನಾಲಿಗೆ ತಡವರಿಸಿತು, ನಿಜ. ಅವರು ಏನೂ ಅನ್ನದೆ ಪೌಚ್ ನನ್ನ ಕೈಗೇ ಕೊಟ್ಟರು. ತಾರೀಕು ಹಿಂದಿನ ದಿನದ್ದು, ಗುರುತಿನ ಬಣ್ಣ ಬದಲಾಗಿತ್ತು, ಒಳಗೆ ಇಕ್ಕಳ ಒಣಗಿತ್ತು. ಅಪ್ಪನ ಎದುರಿಗೇ ಹರಿದರು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಒಬ್ಬರು ಅಜ್ಜಿ "ನಂದೂ ಹಾಗೇ ತೋರಿಸಪ್ಪ" ಅಂದರು.

ಅಮ್ಮನ ಕಿವಿ ಪರೀಕ್ಷೆ ಸರಿ ಬಂದಿದೆ, ಸಿದ್ದಾಪುರದ ಅಕ್ಕೋರಿಗೆ ತಿಳಿಸು ಅಂತ ಅವರೇ ಹೇಳಿದ್ದಾರೆ. ಇವತ್ತು ಬೆಳಿಗ್ಗೆ ಡ್ರೆಸ್ಸಿಂಗ್ ಬಿಚ್ಚಿದಾಗ ಬಟ್ಟೆ ಒಣಗಿತ್ತು. ಸೀರೆಯೂ.